ಹೋಟೆಲಿನ ಪಟ್ಟಿಯಲ್ಲಿ ಇಲ್ಲದ್ದು

ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ತಪ್ಪಾಗಿದ್ದವು. ಪ್ರೇಕ್ಷಾ ಕೆಂಪು ಪೆನ್ನಿನ ಮುಚ್ಚಳ ಹಾಕಿ ಅಮ್ಮನ ಮುಖವನ್ನೇ ನೋಡಿದಳು.

“ಅಮ್ಮ, ನೀನ್ ಬೇಕಂತ್ಲೇ ಹೀಂಗ್ ಮಾಡೂದಾ?”

“ಎಂತ ಹೀಂಗೆ?”

“ಲೆಕ್ಕ ಎಲ್ಲ ಸರಿ ಮಾಡ್ತೆ. ಜನರಲ್ ನಾಲೆಜ್ ನಂಗಿಂತ ಚಂದ ಮಾಡ್ತೆ. ಈ ಯೋಜನೆ ಪ್ರಶ್ನೆ ಬಂದ್ ಕೂಡ್ಲೇ ನಿಂಗೆ ಎಂತಾತ್ತ್?”

ಜಲಜ ಕನ್ನಡಕ ಸರಿಮಾಡಿಕೊಂಡು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂರನೆಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿದಳು. ಒಂದು ನಗರದಲ್ಲಿ ವಾಹನಗಳ ಸಂಖ್ಯೆ ಮಿತಿಮೀರಿದೆ. ಅದನ್ನು ತಗ್ಗಿಸಲು ನಗರಸಭೆಯು ಪೇಟೆಗೆ ಬರುವವರಿಗೆಲ್ಲ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಹಾಕಿದೆ. ಕೆಳಗಿನ ಯಾವ ಹೇಳಿಕೆ ನಿಜವಾದರೆ ಈ ಯೋಜನೆ ಅತ್ಯಂತ ದುರ್ಬಲವಾಗುತ್ತದೆ? ಮೊದಲನೆಯ ಉತ್ತರ, ಪೇಟೆಗೆ ಬರುವವರಲ್ಲಿ ಹೆಚ್ಚಿನವರು ಇಪ್ಪತ್ತು ಕಿಲೋಮೀಟರಿಗಿಂತ ದೂರದಿಂದ ಬರುತ್ತಾರೆ. ಎರಡನೆಯದು, ನೆರೆಯ ನಗರದಲ್ಲಿ ಇಂಥದೇ ಯೋಜನೆ ಜನಪ್ರಿಯವಾಗಿದೆ. ಮೂರನೆಯದು, ಸೈಕಲ್ ದುರಸ್ತಿಗೆ ನಗರಸಭೆ ಆರು ಜನರನ್ನು ನೇಮಿಸಿದೆ. ಜಲಜ ಮೂರನೆಯದಕ್ಕೆ ಗುರುತು ಹಾಕಿದ್ದಳು.

“ಸೈಕಲ್ ಹಾಳಾದ್ರೆ ಯಾರ್ ರಿಪೇರಿ ಮಾಡೂದ್ ಅಂದೇಳಿ ಓದೂ ಹೊತ್ತಿಗೇ ಅನ್ಸಿತ್. ಕಂಡ್ರೆ ಮೂರ್ನೇದ್ರಗೆ ಜನ ಇದ್ರ್ ಅಂದೇಳಿ ಬರ್ದಿತ್ತ್. ಸಮಾಧಾನ ಆಯ್ತ್. ಅದನ್ನೇ ಹಾಕ್ದೆ.”

“ಯೋಜನೆ ಬೀಳ್ಸುಕೆ ಹೇಳ್ರೆ ನೀನ್ ಕಂಬ ಕೊಟ್ಟ್ ನಿಲ್ಸ್ತೆ!” ಪ್ರೇಕ್ಷಾ ಹಣೆ ಚಚ್ಚಿಕೊಂಡಳು. “ನಿಂಗೆ ತೂತು ಕಾಣೂದಿಲ್ಲೆ ಅಂದೇಳಿ ಅಲ್ಲ ಮರಾಯ್ತಿ. ಎಲ್ಲರಿಗಿಂತ ಮೊದ್ಲ್ ಕಾಣತ್ತ್. ಕಂಡ್ ಕೂಡ್ಲೇ ಮುಚ್ಚ್ತೆ. ಅದೇ ಕಷ್ಟ.”

ಜಲಜಳಿಗೆ ನಗು ಬಂತು. ಮಗಳಿಂದ ಹೀಗೆ ಬೈಸಿಕೊಳ್ಳುವುದು ಅವಳಿಗೆ ಒಳಗೊಳಗೆ ಇಷ್ಟವೂ ಆಗಿತ್ತು. ಇಪ್ಪತ್ತೆರಡರ ಪ್ರೇಕ್ಷಾ ಬ್ಯಾಂಕ್ ಪರೀಕ್ಷೆಗೆಂದು ಕುಂದಾಪುರಕ್ಕೆ ಕೋಚಿಂಗಿಗೆ ಹೋಗುತ್ತಿದ್ದಳು. ಅಲ್ಲಿ ಕಲಿತದ್ದನ್ನು ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿಕೊಡುತ್ತಿದ್ದಳು. ಜಲಜ ನಾವುಂದದ ಕಡಲ ಬದಿಯ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಟೀಚರ್. ಮೇಲ್ವಿಚಾರಕಿಯ ಹುದ್ದೆಗೆ ಪರೀಕ್ಷೆ ಕರೆದಿದ್ದರು. ಎರಡು ವಾರದ ಮೇಲಿನ ಭಾನುವಾರ, ಬ್ರಹ್ಮಾವರದ ಒಂದು ಕಾಲೇಜಿನಲ್ಲಿ. ಜನವರಿಗೆ ಅವಳಿಗೆ ನಲವತ್ತೈದು ತುಂಬಿ ವಯಸ್ಸಿನ ಮಿತಿ ದಾಟುತ್ತದೆ. ಬರೆಯುವುದಾದರೆ ಇದೇ ಸಲ. ನೂರರಲ್ಲಿ ಇಪ್ಪತ್ತೈದು ಅಂಕ ಇಂಥ ಯೋಜನೆಗಳ ಪ್ರಶ್ನೆಗಳಿಗೆ.

ತಾನು ಯಾಕೆ ಹೀಗೆ ಎಂದು ಅವಳು ಅವತ್ತು ಪಾತ್ರೆ ತೊಳೆಯುವಾಗ ಯೋಚಿಸಿದಳು. ಮೀನುಗಾರರ ಮನೆಯಲ್ಲಿ ಹುಟ್ಟಿ ಮೀನುಗಾರರ ಮನೆಗೇ ಬಂದವಳು ಅವಳು. ಕಡಲಿಗೆ ಹೊರಟು ನಿಂತವರಿಗೆ ಇಲ್ಲದ್ದನ್ನು, ಕೊರತೆಯನ್ನು ಬಾಯಿಬಿಟ್ಟು ಹೇಳಬಾರದು ಎಂಬುದು ಆ ಮನೆಗಳ ಹೆಂಗಸರಿಗೆ ಯಾರೂ ಕಲಿಸದೆ ಬರುವ ಪಾಠ. ಜಲಜಳಿಗೆ ಮಾತ್ರ ಒಮ್ಮೆ ಕಲಿಸಬೇಕಾಗಿ ಬಂದಿತ್ತು. ಎಂಟು ವರ್ಷದವಳಿದ್ದಾಗ, ಅಪ್ಪ ಮೆಟ್ಟಿಲಿಳಿಯುವಾಗ, ಡೀಸೆಲ್ ಕ್ಯಾನಿನ ಮುಚ್ಚಳ ಸರಿ ಕೂತಿಲ್ಲ ಎಂದು ಅವಳು ಕೂಗಿಬಿಟ್ಟಿದ್ದಳು. ಅಮ್ಮ ಪದ್ದು ತೊಡೆ ಚಿವುಟಿದ್ದು ನೀಲಿಗಟ್ಟಿತ್ತು. ಆದರೆ ಅಪ್ಪ ಬೇಲಿ ದಾಟಿದ ಮೇಲೆ ಅದೇ ಅಮ್ಮ ಒಂದು ಪ್ಲಾಸ್ಟಿಕ್ ಹಾಳೆ, ಒಂದು ತುಂಡು ಹಗ್ಗ ಹಿಡಿದುಕೊಂಡು ಹಿಂದಿನ ದಾರಿಯಿಂದ ದಡಕ್ಕೆ ಓಡಿದ್ದಳು. ಅಪ್ಪ ಕ್ಯಾನು ಕೆಳಗಿಟ್ಟು ಅತ್ತ ತಿರುಗಿದಾಗ ಮುಚ್ಚಳಕ್ಕೆ ಸುತ್ತಿ ಕಟ್ಟಿ, ಏನೂ ಆಗದವಳಂತೆ ಬಂದು ಮಗಳಿಗೆ ಗಂಜಿ ಬಡಿಸಿದ್ದಳು. ಅಪ್ಪನಿಗೆ ಅದು ಕೊನೆಯವರೆಗೂ ಗೊತ್ತಾಗಲಿಲ್ಲ.

ಮದುವೆಯಾದ ಮೇಲೆ ಜಲಜಳೂ ಹಾಗೆಯೇ ಇದ್ದಳು. ಗಂಡ ರಾಜೇಂದ್ರ ಗಂಗೊಳ್ಳಿಯ ದೊಡ್ಡ ಬೋಟೊಂದರ ತಾಂಡೇಲ. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ನಿರ್ಧರಿಸುವವನು ಅವನೇ. ಅವನು ಮರೆತ ಮಾತ್ರೆ, ಅವನು ಬೇಡವೆಂದ ಎರಡನೆಯ ರೈನ್‌ಕೋಟು, ಅವನ ಚೀಲದ ತಳದಲ್ಲಿ ಇರುತ್ತಿದ್ದವು. ಇದೂ ಒಂದು ಬಗೆಯ ಪ್ರೀತಿಯೇ ಎಂದು ಅವಳು ತಿಳಿದಿದ್ದಳು. ಈಗಲೂ ಅದು ಸುಳ್ಳೆಂದು ಅನಿಸುತ್ತಿರಲಿಲ್ಲ.

ಮಾರನೆಯ ಸಂಜೆ ಪ್ರೇಕ್ಷಾ ಹೊಸ ಉಪಾಯ ಹೇಳಿಕೊಟ್ಟಳು.

“ಪ್ರತಿ ಯೋಜನೆಯೂ ಒಂದ್ ಮಾತ್ ಹೇಳ್ದೇ ನಂಬ್ಕಂಡಿರತ್ತ್. ಆರ್ ಗಂಟೆ ಬಸ್ಸಿಗೆ ಹೋಪ ಅಂದ್ರೆ ಬಸ್ ಬತ್ತ್ ಅಂದೇಳಿ ನಂಬಿದ್ದ್. ಆದ್ರೆ ಬಸ್ ಬತ್ತ್ ಅಂದೇಳಿ ಯಾರೂ ಹೇಳೂದಿಲ್ಲೆ, ಅಲ್ದಾ? ಅದನ್ನ ಹುಡ್ಕ್. ಅದನ್ನ ಒಂದ್ಸಲ ತೆಗ್ದ್ ಕಾಣ್. ಯೋಜನೆ ಬಿತ್ತಾ, ಅದೇ ಉತ್ತರ.”

“ತೆಗ್ದ್ ಕಾಂಬುದ್ ಮಾತ್ರವಾ? ವಾಪಾಸ್ ಇಡುಕಾಗವಾ?”

“ಇಡುಕಾಗ! ಪರೀಕ್ಷೆ ಮುಗಿಯೂ ತನ್ಕ ನೀನ್ ಎಂತದನ್ನೂ ವಾಪಾಸ್ ಇಡುಕಾಗ.”

ಆ ಸಂಜೆ ಹತ್ತರಲ್ಲಿ ನಾಲ್ಕು ಸರಿಯಾದವು.

ಪರೀಕ್ಷೆಗೆ ಇನ್ನೊಂದು ವಾರ ಇರುವಾಗ, ಭಾನುವಾರ ಬೆಳಿಗ್ಗೆ ಜಲಜಳ ಅಣ್ಣ ಸುಧಾಕರ ಬಂದ. ಜುಲೈ ತಿಂಗಳು. ಮಳೆಗಾಲದ ನಿಷೇಧದಿಂದ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿದ್ದವು, ಗಂಡಸರು ಮನೆಯಲ್ಲಿದ್ದರು. ಭಾವ-ಮೈದುನ ಇಬ್ಬರೂ ಎರಡು ವಾರಗಳಿಂದ ಏನೋ ಗುಸುಗುಸು ನಡೆಸಿದ್ದರು. ಅವತ್ತು ಅದು ಹೊರಗೆ ಬಂತು. ತ್ರಾಸಿಯ ಹತ್ತಿರ ಹೆದ್ದಾರಿಯ ಬದಿಗೆ ಪರಿಚಯದವರ ಹಳೆಯ ಹೆಂಚಿನ ಮನೆಯೊಂದು ಖಾಲಿ ಇದೆ. ಅಲ್ಲಿ ಮೀನೂಟದ ಹೋಟೆಲು.

“ಈ ಮಂಡಿ ಹಿಡ್ಕಂಡ್ ಇನ್ನೊಂದ್ ಸೀಸನ್ ನನ್ಹತ್ರ ಆತ್ತಿಲ್ಲೆ,” ಎಂದ ರಾಜೇಂದ್ರ, ಬಲಗಾಲನ್ನು ಮುಂದಕ್ಕೆ ಚಾಚಿ. ಅವನ ಮಂಡಿಯ ಮೇಲೆ ಊತ ಯಾವಾಗಲೂ ಇರುತ್ತಿತ್ತು. ಅಲುಗಾಡುವ ಬೋಟಿನ ಮೇಲೆ ಮೂವತ್ತು ವರ್ಷ ನಿಂತ ಕಾಲು ಅದು. “ಆಗಸ್ಟಿಗೆ ಬೋಟ್ ಇಳಿಯೂ ಮೊದ್ಲ್ ಪ್ರೇಮಾನಂದಣ್ಣನಿಗೆ ಹೇಳ್ಕ್, ಅವ್ರ್ ಬೇರೆ ತಾಂಡೇಲನ್ನ ಕಾಣ್ಕಲ್ದಾ. ಗುರುವಾರ ದಿನ ಒಳ್ಳೆದಿತ್ತ್ ಅಂಬ್ರ್. ಗುರುವಾರ ಹೋಯ್ ಹೇಳಿ ಬತ್ತೆ.”

ಪ್ರೇಮಾನಂದ ಬೋಟಿನ ಮಾಲೀಕ. ಒಮ್ಮೆ ಬಿಟ್ಟ ತಾಂಡೇಲನ ಜಾಗಕ್ಕೆ ಇನ್ನೊಬ್ಬ ಬಂದ ಮೇಲೆ ಹಿಂದೆ ಬರುವ ಮಾತಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಸುಧಾಕರ ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ ಓದಿದ. ಬೆಂಚು ಆರು. ಗ್ಯಾಸ್ ಒಲೆ ಎರಡು, ಸೌದೆ ಒಲೆ ಒಂದು. ಹೆದ್ದಾರಿಗೆ ಕಾಣುವಂತೆ ಬೋರ್ಡು. ಕೌಂಟರಿನಲ್ಲಿ ಸುಧಾಕರ. ಬಂದರಿನಿಂದ ಮೀನು ಆರಿಸಿ ತರುವುದು ರಾಜೇಂದ್ರ. ಬಡಿಸಲು ಇಬ್ಬರು. ಕುಚ್ಚಲಕ್ಕಿ ಊಟ, ಬಂಗುಡೆ ಸಾರು, ಕಾಣೆ ಫ್ರೈ, ಚಿಪ್ಪುಮೀನಿನ ಮಳಿ ಸುಕ್ಕ, ವಾರಕ್ಕೆ ಎರಡು ದಿನ ನೀರ್ ದೋಸೆ ಮತ್ತು ಕೋಳಿ.

“ಹ್ಯಾಂಗಿತ್ತ್?” ರಾಜೇಂದ್ರ ಹೆಂಡತಿಯನ್ನು ಕೇಳಿದ. ಹೊಸ ಅಂಗಿ ಹಾಕಿಕೊಂಡ ಹುಡುಗನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ಎಷ್ಟು ವರ್ಷವಾಗಿತ್ತು ಅವನನ್ನು ಹೀಗೆ ನೋಡಿ.

“ಒಳ್ಳೇದಿತ್ತ್,” ಎಂದಳು ಜಲಜ. “ಮೀನ್ ತೊಳ್ದ ನೀರ್ ನೆರೆಮನಿ ಬಾವಿ ಬದಿಗೆ ಹೋಪುಕಾಗ. ಒಂದ್ ಗುಂಡಿ ತೆಗ್ಸ್ಕ್. ಕೈ ತೊಳೂಕೆ ನಳ್ಳಿ ಹೊರ್ಗೆ ಬೇಕ್. ಮಳಿಗಾಲಕ್ಕೆ ಎದ್ರಿಗೆ ಶೀಟ್ ಹಾಕ್ದಿದ್ರೆ ಜನ ಕಾರಿಂದ ಇಳೂದಿಲ್ಲೆ.”

ರಾಜೇಂದ್ರ ಒಂದೊಂದನ್ನೇ ಬರೆದುಕೊಂಡ. “ಕಂಡ್ರ್ಯಾ ಬಾವ? ನಮ್ಗೆ ಇಬ್ರಿಗೂ ಹೊಳೀಲಿಲ್ಲೆ. ಟೀಚರ್ ಅಂದ್ರೆ ಸುಮ್ನೆಯಾ?”

“ನನ್ ತಂಗಿ ಅಲ್ದಾ,” ಎಂದು ಸುಧಾಕರ ಬೀಗಿದ.

ಗುಂಡಿ, ನಳ್ಳಿ, ಶೀಟು ಸೇರಿದ ಆ ಹಾಳೆಯನ್ನು ಅವರು ಚಾ ಕುಡಿಯುವಾಗ ಜಲಜ ಕೈಗೆತ್ತಿಕೊಂಡಳು. ಇನ್ನೇನಾದರೂ ಬಿಟ್ಟುಹೋಗಿದೆಯೇ ಎಂದು ನೋಡಲು ಮಾತ್ರ. ಬೋರ್ಡು ಇತ್ತು, ಬೋರ್ಡಿನ ಬಣ್ಣ ಕೂಡ ಇತ್ತು. ಊಟದ ಹೆಸರುಗಳೆಲ್ಲ ಇದ್ದವು. ಅಡಿಗೆ ಯಾರು ಮಾಡುವುದು ಎಂದು ಇರಲಿಲ್ಲ. ಅವಳು ಇನ್ನೊಮ್ಮೆ ಮೇಲಿನಿಂದ ಓದಿದಳು. ಬಡಿಸುವವರು ಇಬ್ಬರು ಎಂದು ಸಂಖ್ಯೆಯೊಂದಿಗೆ ಬರೆದಿತ್ತು. ಬಂಗುಡೆ ಸಾರು, ಮಳಿ ಸುಕ್ಕ, ನೀರ್ ದೋಸೆ. ಅದು ಅವಳ ಅಡುಗೆಮನೆಯ ಪಟ್ಟಿ.

ಮುಚ್ಚಿಟ್ಟದ್ದಲ್ಲ ಅದು. ರಾಜೇಂದ್ರನಿಗೆ ಮುಚ್ಚಿಡುವುದು ಬರುವುದಿಲ್ಲ. ಇಲ್ಲದೆ ಹೋಗಬಹುದು ಎಂದು ಅನಿಸಿದ್ದನ್ನು ಮಾತ್ರ ಜನ ಪಟ್ಟಿಯಲ್ಲಿ ಬರೆಯುತ್ತಾರೆ. ಅವಳು ಇಲ್ಲದೆ ಹೋಗಬಹುದು ಎಂದು ಅವನಿಗೆ ಒಂದು ಸಲವೂ ಅನಿಸಿರಲಿಲ್ಲ. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ಎಂದು ತಿಳಿಯದೆ ಜಲಜ ಹಾಳೆಯನ್ನು ಮೊದಲಿನಂತೆಯೇ ಮಡಚಿ ಸಕ್ಕರೆ ಡಬ್ಬದ ಕೆಳಗೆ ಇಟ್ಟಳು.

ಅವಳು ಪರೀಕ್ಷೆಗೆ ಓದುತ್ತಿರುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. “ಬರಿ ಬರಿ, ಬರ್ದ್ರೆ ಎಂತ ಹೋತ್ತ್,” ಎಂದು ಅವನೇ ಅರ್ಜಿ ತುಂಬಿದ ದಿನ ಬೈಕಿನಲ್ಲಿ ಬೈಂದೂರಿಗೆ ಕರೆದುಕೊಂಡು ಹೋಗಿದ್ದ. ಬರೆಯುವುದು ಅವನ ಲೆಕ್ಕದಲ್ಲಿತ್ತು. ಪಾಸಾಗುವುದು ಇರಲಿಲ್ಲ. ನಿಜ ಹೇಳಬೇಕೆಂದರೆ ಮೊನ್ನೆಮೊನ್ನೆಯವರೆಗೆ ಅದು ಅವಳ ಲೆಕ್ಕದಲ್ಲಿಯೂ ಇರಲಿಲ್ಲ. ಹತ್ತರಲ್ಲಿ ಏಳು, ಎಂಟು ಸರಿಯಾಗತೊಡಗಿದ ಮೇಲೆ ಬಂದ ಆಸೆ ಅದು. ಪೂರ್ತಿ ಹೊಸದು. ಹಾಗಾಗಿಯೇ ಅದನ್ನು ಯಾರಿಗಾದರೂ ತೋರಿಸಲು ನಾಚಿಕೆ.

ಎರಡು ದಿನ ಅವಳು ಎಂದಿನಂತೆ ಆ ತೂತು ಮುಚ್ಚುವ ದಾರಿಯನ್ನೇ ಹುಡುಕಿದಳು. ಬುಧವಾರ ಮಧ್ಯಾಹ್ನ ಅಂಗನವಾಡಿಯ ಮಕ್ಕಳು ಮಲಗಿದ ಮೇಲೆ ಹಳೆಯ ಹಾಜರಿ ಹಾಳೆಯೊಂದರ ಹಿಂದೆ ತನ್ನದೇ ಒಂದು ಯೋಜನೆ ಬರೆದಳು. ಮೂರೂವರೆಗೆ ಏಳುವುದು. ಐದರೊಳಗೆ ಮಸಾಲೆ ಅರೆದು ಮುಗಿಸುವುದು. ಏಳರ ಬಸ್ಸಿಗೆ ತ್ರಾಸಿ, ಒಂಬತ್ತರೊಳಗೆ ಸಾರು ಮುಗಿಸಿ ಅಲ್ಲಿಂದಲೇ ಕೆಲಸಕ್ಕೆ. ಮೇಲ್ವಿಚಾರಕಿಗೆ ಇಪ್ಪತ್ತೈದು ಅಂಗನವಾಡಿಗಳ ಸುತ್ತಾಟ, ಎಲ್ಲಿಗೆ ಹಾಕುತ್ತಾರೋ ಗೊತ್ತಿಲ್ಲ. ಹಾಲಾಡಿ ಕಡೆಗೆ ಹಾಕಿದರೆ ಬಸ್ ಎರಡು. ಸಿದ್ದಾಪುರಕ್ಕೆ ಹಾಕಿದರೆ ಮೂರು. ಸಂಜೆ ಬಂದು ರಾತ್ರಿಯ ಊಟಕ್ಕೆ.

“ಎಂತ ಟೀಚರೇ, ಮಕ್ಳ್ ಮನಿಕಂಡ್ರೂ ನೀವ್ ಬರೂದ್ ಬಿಡೂದಿಲ್ಲೆ?” ಸಹಾಯಕಿ ಸೀತು ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳು ಜಲಜಳಿಗಿಂತ ಹತ್ತು ವರ್ಷ ದೊಡ್ಡವಳು.

ಜಲಜ ಅವಳಿಗೆ ಎಲ್ಲ ಹೇಳಿದಳು. ಹೋಟೆಲು, ಹಾಳೆ, ತನ್ನ ಮೂರೂವರೆ ಗಂಟೆ.

ಸೀತು ಬೆಳ್ಳುಳ್ಳಿ ಬಿಡದೆ ಕೇಳಿಸಿಕೊಂಡಳು. “ಮೂರೂವರೆಗೆ ಏಳೂದ್ ಸರಿ. ಮನಿಕಂಬುದ್ ಎಷ್ಟ್ ಹೊತ್ತಿಗೆ ಅಂದೇಳಿ ಬರೀಲಿಲ್ಲ್ಯಾ?”

ಜಲಜ ಹಾಳೆ ನೋಡಿದಳು. ಬರೆದಿರಲಿಲ್ಲ. ಮಲಗುವುದನ್ನು ಮಾತ್ರವಲ್ಲ, ತನಗೆ ಒಂದು ದಿನವೂ ಜ್ವರ ಬರುವುದಿಲ್ಲ ಎಂಬುದನ್ನೂ ಬರೆಯದೆ ನಂಬಿಕೊಂಡಿದ್ದಳು. ಅದನ್ನು ತೆಗೆದು ನೋಡಿದರೆ ಉಳಿದದ್ದೆಲ್ಲ ಒಂದರ ಮೇಲೊಂದು ಬಿತ್ತು. ಪುಸ್ತಕದಲ್ಲಿ ಆರು ನಿಮಿಷ ಹಿಡಿಯುವ ಉತ್ತರ ಇಲ್ಲಿ ಒಂದು ಕ್ಷಣದಲ್ಲಿ ಬಂದಿತ್ತು.

“ಅವ್ರಿಗೆ ಹೇಳಿ,” ಎಂದಳು ಸೀತು.

“ಹ್ಯಾಂಗ್ ಹೇಳೂದ್ ಸೀತಕ್ಕ? ಅಷ್ಟ್ ಖುಷಿಯಗಿದ್ರ್.”

“ನೀವ್ ಹೇಳ್ದಿದ್ರೆ ಗೊತ್ತಾಪುಕೆ ಅವ್ರೆಂತ ದೇವ್ರಾ? ನಮ್ಮಲ್ಲಿ ಇಪ್ಪುದ್ ಗಂಡಸ್ರ್, ದೇವ್ರಲ್ಲ.”

ಆ ಸಂಜೆ ಹೇಳಬೇಕೆಂದೇ ಇದ್ದಳು. ಆದರೆ ಸುಧಾಕರ ಬೋರ್ಡಿನ ನಮೂನೆ ತಂದಿದ್ದ. ಅವರಿಬ್ಬರೂ ಅದನ್ನು ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ, ಮತ್ತೆ ಹತ್ತಿರ ಬಂದು, ಕತ್ತಲಾಗುವವರೆಗೆ ಹಾಗೆಯೇ ಆಡಿದರು. ಜಲಜ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಬೆಳಿಗ್ಗೆ ಎದ್ದಾಗ ರಾಜೇಂದ್ರ ಸ್ನಾನ ಮುಗಿಸಿ ದೀಪಕ್ಕೆ ಕೈಮುಗಿದು ಬಿಳಿ ಅಂಗಿ ಹಾಕಿಕೊಂಡಿದ್ದ. ಹೊರಟು ನಿಂತವನು. ಇನ್ನು ಮಾತಾಡುವ ಹಾಗಿಲ್ಲ.

ಅವಳು ಕೊಡೆ ತೆಗೆದುಕೊಂಡು ಬಂದು ಬೈಕಿನ ಹಿಂದೆ ಕೂತಳು.

“ನಿಂಗೆಂತ ಗಂಗೊಳ್ಳಿಗೆ?”

“ನಾನೂ ಬತ್ತೆ.”

“ಅಂಗನವಾಡಿ?”

“ಸೀತಕ್ಕ ಇದ್ರ್.”

ಹೆದ್ದಾರಿಗೆ ಬಂದ ಮೇಲೆ ಅವಳು ಅವನ ಬೆನ್ನ ಹಿಂದಿನಿಂದ ಶುರುಮಾಡಿದಳು. ಹೋಟ್ಲಿನ ವಿಷ್ಯ ಎಂದು ಎರಡು ಸಲ ಕೂಗಿದಳು. ಮರವಂತೆಯಲ್ಲಿ ಕಡಲ ಗಾಳಿ ಅವಳ ಮಾತನ್ನೂ ಕೊಡೆಯನ್ನೂ ಒಟ್ಟಿಗೆ ಎತ್ತಿಕೊಂಡು ಹೋಯಿತು. “ಎಂತ? ಜೋರಾಗ್ ಹೇಳ್!” ಎಂದು ಅವನು ಕೂಗಿದ. ತ್ರಾಸಿ ಮುಟ್ಟುವಷ್ಟರಲ್ಲಿ ಮಳೆ ಎದುರು ಕಾಣದಷ್ಟು ಬಿತ್ತು. ಬೈಕನ್ನು ಒಂದು ಚಾ ಅಂಗಡಿಯ ಶೀಟಿನ ಕೆಳಗೆ ತಂದು ನಿಲ್ಲಿಸಿ ಅವನು ಎರಡು ಚಾ, ಒಂದು ಪ್ಲೇಟು ಬನ್ಸ್ ಹೇಳಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಈಗ ಹೇಳ್. ಎಂತದ್ ಹೋಟ್ಲಿನ ವಿಷ್ಯ? ಇನ್ನೊಂದ್ ಗುಂಡಿ ತೆಗಿಕಾ?”

“ಅಡಿಗೆ ಯಾರ್ ಮಾಡೂದ್?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾರ್ ಮಾಡೂದ್ ಅಂದ್ರೆ? ನೀನ್.”

“ಹಾಳಿಯಗೆ ಬರೀಲಿಲ್ಲೆ.”

“ಅದ್ ಬರೀಕಾ ಮರಾಯ್ತಿ? ಊರಿಗೇ ಗೊತ್ತಿತ್ತ್ ನಿನ್ ಕೈ ರುಚಿ. ಅದನ್ನ ನಂಬ್ಕಂಡೇ ಅಲ್ದಾ ನಾವ್ ಹೊರಟದ್.”

“ನಾನ್ ಭಾನುವಾರ ಪರೀಕ್ಷೆ ಬರೀತೆ. ಪಾಸಾರೆ ಆ ಕೆಲ್ಸಕ್ಕೆ ಹೋತೆ. ನಂಗೆ ಹೋಟ್ಲಲ್ಲಿ ಅಡಿಗೆ ಮಾಡುಕಾತ್ತಿಲ್ಲೆ.”

ಹೇಳಿದ ಮೇಲೆ ಅವಳಿಗೆ ತನ್ನ ಮಾತೇ ಬೇರೆ ಯಾರದೋ ಎನಿಸಿತು. ಇಷ್ಟು ಚಿಕ್ಕದಾಗಿತ್ತೇ ಅದು? ಇದಕ್ಕೆ ನಾಲ್ಕು ದಿನ ಹಿಡಿಯಿತೇ?

ರಾಜೇಂದ್ರ ಬನ್ಸ್ ಮುರಿದವನು ಹಾಗೆಯೇ ಹಿಡಿದುಕೊಂಡ. 

“ಅವತ್ತೇ ಹೇಳ್ಬಹುದಿತ್ತಲೆ.”

“ಹೌದ್.”

“ನಾನ್ ಕೇಂಡಿದೆ. ಎಲ್ಲರೆದ್ರಿಗೆ ಕೇಂಡಿದೆ. ಒಳ್ಳೇದಿತ್ತ್ ಅಂದೆ. ಗುಂಡಿ ಬೇಕ್, ನಳ್ಳಿ ಬೇಕ್, ಶೀಟ್ ಬೇಕ್ ಅಂದೆ. ಎಲ್ಲ ಬರ್ಕಂಡೆ. ಇದೊಂದನ್ನ ಯಾಕ್ ಹೇಳ್ಲಿಲ್ಲೆ ನೀನ್?”

ಅವನು ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಕೂಗಲಿಲ್ಲ, ನಿಜವಾಗಿ ಕೇಳಿದ. ಇಪ್ಪತ್ತಮೂರು ವರ್ಷ ಇವನಿಗೆ ತಿಳಿಯದ ಹಾಗೆ ಇವನ ಕೊರತೆಗಳನ್ನು ಮುಚ್ಚಿದವಳು ತಾನು. ಅದರಿಂದ ಇವನಿಗೆ ಆದದ್ದೇನು? ತನ್ನ ಪಟ್ಟಿಗಳೆಲ್ಲ ಯಾವಾಗಲೂ ಪೂರ್ತಿ ಇರುತ್ತವೆ ಎಂದು ಇವನು ನಂಬಿದ. ಹಾಗೆ ನಂಬಿಸಿದ್ದು ಯಾರು? ಅವನ ಮೇಲೆ ಹೊರಿಸಲು ತಂದಿದ್ದ ತಪ್ಪಿನಲ್ಲಿ ಅರ್ಧವನ್ನು ಅವಳು ಮನಸ್ಸಿನಲ್ಲಿಯೇ ವಾಪಸು ತೆಗೆದುಕೊಂಡಳು. ಅರ್ಧವನ್ನು ಮಾತ್ರ.

“ಪಾಸಾಗ್ದಿದ್ರೆ?” ಎಂದ ರಾಜೇಂದ್ರ. “ಅದ್ ಗ್ಯಾರಂಟಿ ಇತ್ತಾ?”

“ಇಲ್ಲೆ.”

“ಹಾಂಗಾರೆ?”

“ಪಾಸಾಗ್ದಿದ್ರೆ ಅಂಗನವಾಡಿ ಇತ್ತ್. ಅದನ್ನೂ ಬಿಡೂದಿಲ್ಲೆ.”

“ಅಂದ್ರೆ ಹೋಟ್ಲ್ ಇಲ್ಲೆ ಅಂದಾಯ್ತ್.”

“ಹೋಟ್ಲ್ ಇಲ್ಲೆ ಅಂದೇಳಿ ನಾ ಹೇಳ್ಲಿಲ್ಲೆ. ಅಡಿಗೆಯವ್ರ್ ಇಲ್ಲೆ ಅಂದೆ. ಬೋಟಗೆ ಮೂವತ್ತ್ ಜನ ಇದ್ರಲೆ, ಅವ್ರಿಗೆ ಅಡಿಗೆ ಮಾಡುಕೆ ಯಾರ ಹೆಂಡ್ತಿ ಹೋತ್ಲ್?”

“ಅದೆಂತ ಅಡಿಗೆಯಾ? ನಾನೇ ಮಾಡಿದ್ದೆ ನಾಲ್ಕ್ ವರ್ಷ, ಹೊಸ್ತಗೆ ಬೋಟಿಗೆ ಹೋಪೂ ಹೊತ್ತಿಗೆ. ಹೊಟ್ಟೆ ತುಂಬೂಕೆ ಸಾಕ್. ಕಾರ್ ನಿಲ್ಸಿ ಬಂದ್ ತಿಂಬುವ ಹಾಂಗಿದ್ದದ್ ಅಲ್ಲ.”

“ನಾನೂ ಹುಟ್ಟೂ ಹೊತ್ತಿಗೇ ಕಲ್ತ್ ಬರ್ಲಿಲ್ಲೆ.”

ಮಳೆ ಸ್ವಲ್ಪ ಕಡಿಮೆಯಾಯಿತು. ಅವನು ಎದ್ದು, ಮಂಡಿಯನ್ನು ಒಮ್ಮೆ ಒತ್ತಿಕೊಂಡು, ಬೈಕಿನ ಸೀಟು ಒರೆಸಿದ. “ನೀನ್ ಬಸ್ಸಿಗೆ ಮನಿಗೆ ಹೋಗ್. ನಾನ್ ಒಬ್ನೇ ಹೋಯ್ ಬತ್ತೆ.”

“ಪ್ರೇಮಾನಂದಣ್ಣನ ಹತ್ರ ಎಂತ ಹೇಳ್ತ್ರಿ?”

“ಗೊತ್ತಿಲ್ಲೆ.”

ಬೈಕು ಗಂಗೊಳ್ಳಿಯ ದಾರಿಗೆ ತಿರುಗಿತು. ಆಗ ಅವಳ ನಾಲಿಗೆಯ ತುದಿಗೆ ಮಾತುಗಳು ಒಂದರ ಹಿಂದೆ ಒಂದು ಬಂದು ನಿಂತವು. ಒಂದು ವರ್ಷ ಮಾಡುತ್ತೇನೆ. ಭಾನುವಾರ ಮಾತ್ರ ಮಾಡುತ್ತೇನೆ. ಮಸಾಲೆ ಮನೆಯಲ್ಲಿಯೇ ಅರೆದು ಕೊಡುತ್ತೇನೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿಯೇ ಇದ್ದ ಅವನು. ಅವಳು ಚಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಬೈಕು ಕಾಣದಾಗುವವರೆಗೆ ಹಾಗೆಯೇ ಇದ್ದಳು. ಏನನ್ನೂ ಮಾಡದೆ ಇರುವುದಕ್ಕೆ ಇಷ್ಟು ಶಕ್ತಿ ಬೇಕೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ರಾಜೇಂದ್ರ ಸಂಜೆ ಬಂದ. ದೀಪಾವಳಿಯವರೆಗೆ ಬೋಟಿಗೆ ಹೋಗುವುದಾಗಿ, ಆಮೇಲಿನದು ಆಮೇಲೆ ಎಂದು ಹೇಳಿ ಬಂದಿದ್ದ. ಅಷ್ಟನ್ನು ಪ್ರೇಕ್ಷಾಳಿಗೆ ಹೇಳಿದ, ಜಲಜಳಿಗೆ ಅಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿದ. ಇನ್ನು ಮೂರು ತಿಂಗಳು ಆ ಮಂಡಿ ಅಲುಗಾಡುವ ಹಲಗೆಯ ಮೇಲೆ ನಿಲ್ಲಬೇಕು. ಅದು ತನ್ನ ಮಾತಿನಿಂದಲೇ ಎಂಬ ಹೊಣೆಯನ್ನು ಜಲಜ ಬೇರೆ ಯಾವುದರ ಮೇಲೂ ಹಾಕಲಿಲ್ಲ. ಪುಸ್ತಕ ತೆರೆದಳು. ಓದಿದ್ದು ತಲೆಗೆ ಹೋಗಲಿಲ್ಲ. ಆದರೂ ತೆರೆದೇ ಇಟ್ಟುಕೊಂಡಳು.

ಶುಕ್ರವಾರ ಸುಧಾಕರ ಅಂಗಳದಿಂದಲೇ ಕೂಗುತ್ತ ಬಂದ. “ಹ್ವಾಯ್, ಎಂತ ಹೆಣೆ, ಹೋಟ್ಲ್ ಹಾಳ್ ಮಾಡ್ದ್ಯಂಬ್ರಲೆ! ಆಫೀಸರ್ ಆಪ್ದಂಬ್ರಲೆ ನೀನ್ ಈ ವಯಸ್ಸಿಗೆ!”

“ಆಫೀಸರ್ ಅಲ್ಲ ಮಾಮ, ಸೂಪರ್‌ವೈಸರ್,” ಎಂದಳು ಒಳಗಿನಿಂದ ಪ್ರೇಕ್ಷಾ.

“ಎಂತದೋ ಒಂದ್. ಬೋರ್ಡ್ ಬರ್ಸಿ ಆಯ್ತಲ್ದಾ?”

ಜಲಜ ಬಾಯಿ ತೆರೆಯುವ ಮೊದಲು ರಾಜೇಂದ್ರ ಜಗಲಿಯಿಂದ ಮಾತಾಡಿದ. “ಹಾಳ್ ಮಾಡುಕೆ ಅದ್ ಶುರುವೇ ಆಯ್ಲಿಲ್ಲೆ ಬಾವ. ಬೋರ್ಡ್ ನಿಮ್ಮಲ್ಲೇ ಇರ್ಲಿ. ನೀವ್ ಅಡಿಗೆ ಮಾಡ್ತ್ರ್ಯಾ?”

“ನಾನಾ?” ಸುಧಾಕರ ಗಾಬರಿಯಾದ. “ನಂಗೆ ಚಾ ಕಾಸೂಕೆ ಬತ್ತಿಲ್ಲೆ ಮರಾಯ.”

“ಹಾಂಗಾರೆ ಸುಮ್ನೆ ಕೂಕಣಿ.”

ಇದು ಅವಳ ಪರವಾದ ಮಾತೋ, ಬರೀ ಬೇಸರದ ಮಾತೋ, ಜಲಜಳಿಗೆ ತಿಳಿಯಲಿಲ್ಲ. ಅವನು ಅವಳ ಕಡೆ ನೋಡಲೂ ಇಲ್ಲ.

ಶನಿವಾರ ಮಧ್ಯಾಹ್ನ ಮಳೆ ಬಿಟ್ಟು, ನಿಷೇಧವಿಲ್ಲದ ಸಣ್ಣ ನಾಡದೋಣಿಯವರಿಗೆ ಸ್ವಲ್ಪ ಮೀನು ಸಿಕ್ಕಿತ್ತು. ರಾಜೇಂದ್ರ ಹತ್ತು ಬಂಗುಡೆ ತಂದು, ಅವುಗಳನ್ನು ತಾನೇ ಹಿತ್ತಲಲ್ಲಿ ಕೂತು ಕೊಯ್ದು ತೊಳೆದ. ಅದೇನೂ ಹೊಸತಲ್ಲ. ಆಮೇಲೆ ಅಡುಗೆಮನೆಗೆ ಬಂದು ಮೆಣಸಿನ ಡಬ್ಬ ಎಲ್ಲಿದೆ ಎಂದು ಮಗಳನ್ನು ಕೇಳಿದ. ಅದು ಹೊಸತು.

ಜಲಜ ಪುಸ್ತಕದಿಂದ ಏಳಹೊರಟಳು. ಪ್ರೇಕ್ಷಾ ಅವಳ ಸೆರಗು ಹಿಡಿದು ಕೂರಿಸಿದಳು. “ಎರಡ್ನೇ ಕಪಾಟ್, ಎಡ್ಗಡೆ!” ಎಂದು ಅಲ್ಲಿಂದಲೇ ಅಪ್ಪನಿಗೆ ಕೂಗಿದಳು.

ಒಳಗೆ ಪಾತ್ರೆಗಳು ಬಿದ್ದವು. ಮಿಕ್ಸಿ ಓಡಿತು, ನಿಂತಿತು, ಮತ್ತೆ ಓಡಿತು. ಮೆಣಸು ಹುರಿಯುವ ಘಾಟಿಗೆ ಅವನು ಕೆಮ್ಮುವುದು ಕೇಳಿಸಿತು. ಜಲಜ ಕೊನೆಯ ಹತ್ತು ಪ್ರಶ್ನೆಗಳನ್ನು ಮಾಡುತ್ತಿದ್ದಳು. ಮೆಣಸು ಹುರಿದದ್ದು ಸಾಲದು, ಇನ್ನೂ ಹುರಿಯಬೇಕು ಎಂದು ಅವಳ ಮೂಗಿಗೆ ಗೊತ್ತಾಗುತ್ತಿತ್ತು. ಕೂತೇ ಇದ್ದಳು. ಹತ್ತರಲ್ಲಿ ಒಂಬತ್ತು ಸರಿಯಾದವು.

ಅವನು ಮೂವರಿಗೂ ತಟ್ಟೆ ಇಟ್ಟು ಅನ್ನ ಬಡಿಸಿ ಸಾರು ಹಾಕಿದ. ತಾನು ಕೂರಲಿಲ್ಲ. ಸೌಟು ಹಿಡಿದುಕೊಂಡೇ ನಿಂತ.

“ಸೂಪರ್ ಅಪ್ಪ!” ಎಂದಳು ಪ್ರೇಕ್ಷಾ ಮೊದಲ ತುತ್ತಿಗೇ.

“ನೀನ್ ಸುಮ್ನಿರ್. ನಿನ್ನಮ್ಮ ಹೇಳ್ಲಿ.”

ಗುರುವಾರದ ನಂತರ ಅವನು ಅವಳನ್ನು ಕುರಿತು ಆಡಿದ ಮೊದಲ ಮಾತು ಅದು. ಜಲಜ ಇನ್ನೊಂದು ತುತ್ತು ತಿಂದಳು. ಅವನ ಬಿಳಿ ಬನಿಯನ್ನಿನ ಮೇಲೆ ಮಸಾಲೆ ಸಿಡಿದ ಕಲೆಗಳಿದ್ದವು. ಚೆನ್ನಾಗಿದೆ ಎನ್ನುವುದು ತೀರ ಸುಲಭವಿತ್ತು.

“ಹುಳಿ ಹೆಚ್ಚಾಯ್ತ್,” ಎಂದಳು. “ಮೆಣಸ್ ಹುರ್ದದ್ ಸಾಲ. ಹಸಿ ವಾಸ್ನೆ ಬತ್ತ್. ಮೀನ್ ಹಾಕಿದ್ ಮೇಲೆ ಸೌಟ್ ಹಾಕಿ ತಿರ್ಗ್ಸಿರ್ಯಾ?”

“ತಿರ್ಗ್ಸ್ದೆ.”

“ತಿರ್ಗ್ಸುಕಾಗ. ಪುಡಿಯಾತ್ತ್. ಪಾತ್ರಿ ಹಿಡ್ಕಂಡ್ ಒಂಚೂರ್ ಅಲ್ಲಾಡ್ಸ್ಕ್, ಅಷ್ಟೇ.”

ಪ್ರೇಕ್ಷಾ ತಿನ್ನುವುದು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ರಾಜೇಂದ್ರನ ಮುಖ ಸ್ವಲ್ಪ ಕೆಂಪಾಯಿತು. ಅವನು ಸೌಟಿನಿಂದ ಸಾರನ್ನು ಎತ್ತಿ, ಮೀನಿನ ತುಣುಕುಗಳನ್ನು ಹೊಸದಾಗಿ ಕಾಣುವವನಂತೆ ನೋಡಿದ.

“ಉಪ್ಪ್?” ಎಂದು ಕೇಳಿದ.

“ಉಪ್ಪ್ ಸರಿ ಇತ್ತ್.”

“ಹೌದಾ?”

“ಹೌದ್. ಸರಿ ಇಲ್ದಿದ್ರೆ ಹೇಳ್ತಿದೆ.”

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ತನ್ನ ತಟ್ಟೆಯನ್ನು ಎಳೆದುಕೊಂಡು, ಕಾಲನ್ನು ನಿಧಾನವಾಗಿ ಚಾಚಿ, ಅವಳ ಪಕ್ಕದಲ್ಲಿ ಕೂತ.